ಹದಿನೈದು ದಿನ ದಾಟಿದರೆ ನೆಂಟರಲ್ಲ

2024ರ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್ ಕೈಕೊಟ್ಟಿತು. ಬೆಂಗಳೂರಿನಲ್ಲಿ ಆ ಬೇಸಿಗೆ ಎಷ್ಟೋ ಕಡೆ ಇದೇ ಕಥೆ. 24 ಮನೆ, ಒಂದೇ ಸಂಪು, ಮನೆಗೊಂದು ಮೀಟರ್ ಇಲ್ಲ. ಟ್ಯಾಂಕರೇ ಗತಿ. 12,000 ಲೀಟರಿಗೆ, ಐದು ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ಆ ದರಕ್ಕೆ ನಮಗೆ ಟ್ಯಾಂಕರ್ ಸಿಕ್ಕಿದ್ದು ಕಡಿಮೆ, ಅದು ಬೇರೆ ಮಾತು.

ಆಗ ನಾನು ಸಂಘದ ಕಾರ್ಯದರ್ಶಿ. ಒಂದು ರಾತ್ರಿ ಒಬ್ಬನೇ ಕೂತು ಹದಿನೆಂಟು ನಿಯಮ ಬರೆದು ಲಿಫ್ಟ್ ಪಕ್ಕ ಅಂಟಿಸಿದೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ನಾನೂ ಒಂದು 500 ಸೇರಿಸಿದೆ. ಎರಡೇ ದಿನಕ್ಕೆ ಯಾರೋ ಅದರ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿದರು.

ಭಾನುವಾರ ಎಲ್ಲರನ್ನೂ ಟೆರೇಸಿಗೆ ಕರೆದೆ. ಜಗಳ ಶುರುವಾಗಿದ್ದು ಕಾರಿಗಲ್ಲ, ದುಡ್ಡಿಗೆ. ಮನೆಗಿಷ್ಟು ಅಂತಲೋ, ತಲೆಗಿಷ್ಟು ಅಂತಲೋ? "ನಾವಿಬ್ಬರೇ ಇರೋದು. ಆರು ಜನರ ಸ್ನಾನಕ್ಕೆ ನಾವ್ಯಾಕೆ ಕೊಡಬೇಕು?" ಅಂದರು ಮೂರನೇ ಮಹಡಿಯವರು. "ನಿಮ್ಮ ವಾಷಿಂಗ್ ಮೆಷಿನ್ ದಿನಾ ಎರಡು ಸಲ ಓಡುತ್ತೆ, ಗೊತ್ತು ಬಿಡಿ," ಅಂದರು ಕೆಳಗಿನ ಮನೆ ಆಂಟಿ. ಎರಡು ಗಂಟೆ ನಡೆಯಿತು. ನಾನು ಸುಮ್ನೆ ಕೂತಿದ್ದೆ. ಬಾಯಿ ಹಾಕಿದ್ದರೆ ಕೆಡುತ್ತಿತ್ತು. ಕೊನೆಗೆ, ಬಿಲ್ಲಿನ ಅರ್ಧ ಎಲ್ಲ ಮನೆಗೂ ಸಮ, ಇನ್ನರ್ಧ ತಲೆ ಲೆಕ್ಕ ಅಂತಾಯಿತು.

ಸರಿ, ಊರಿಂದ ಅತ್ತೆ ಬಂದರೆ? ಆಂಟಿಯೇ ತೀರ್ಪು ಕೊಟ್ಟರು: "ಹದಿನೈದು ದಿನ ದಾಟಿದರೆ ನೆಂಟರಲ್ಲ, ಮನೆಯವರು." ನಾನು "ವಾಸ್ತವ್ಯ ಹೂಡುವ ಅತಿಥಿಗಳು" ಅಂತೇನೋ ಬರೆಯಲು ಹೊರಟೆ. ಅವರು ಪೆನ್ನು ಕಿತ್ತುಕೊಂಡು ತಮ್ಮ ಮಾತನ್ನೇ ಬರೆದರು. ವಾಚ್‌ಮನ್ ಹತ್ತಿರ ಒಂದು ನೋಟ್‌ಬುಕ್ ಇಟ್ಟೆವು. ಅವರವರ ಲೆಕ್ಕ ಅವರವರೇ ಬರೆಯಬೇಕು, ಯಾರೂ ಮನೆಗೆ ಹೋಗಿ ತಲೆ ಎಣಿಸಬಾರದು. ಎಣಿಸೋಕೆ ಹೊರಟಿದ್ದರೆ ವಾರದಲ್ಲೇ ಎಲ್ಲ ಮುರಿದುಬೀಳುತ್ತಿತ್ತು.

ಕಳ್ಳಾಟ ಇರಲಿಲ್ಲ ಅಂತಲ್ಲ. ಒಬ್ಬರ ಬೀಗರು ಹದಿನಾಲ್ಕನೇ ದಿನ ಬಸವನಗುಡಿಯ ತಂಗಿ ಮನೆಗೆ ಹೋಗಿ, ಎರಡು ದಿನ ಬಿಟ್ಟು ಬ್ಯಾಗಿನ ಸಮೇತ ವಾಪಸ್ ಬಂದರು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಸಭೆಯಲ್ಲಿ "ತಿಂಗಳಲ್ಲಿ ಒಟ್ಟು ಹದಿನೈದು ದಿನ ಅಂತ ತಿದ್ದಿಬಿಡಿ" ಅಂದಿದ್ದು ಆ ಮನೆಯವರೇ. ನಾಚಿಕೆಗೋ ಏನೋ.

ಈಗಲೂ ಬೇಸಿಗೆ ಬಂದರೆ ಟ್ಯಾಂಕರ್ ಬರುತ್ತೆ, ನೋಟ್‌ಬುಕ್ಕೂ ಗೇಟಿಗೆ ಬರುತ್ತೆ. ಕಳೆದ ಸಲ ಅದರಲ್ಲಿ ಆಂಟಿ ಬರೆದಿದ್ದರು: "ಮಗಳು, ಅಳಿಯ, ಮೊಮ್ಮಗು. ಇವತ್ತಿಗೆ 16 ದಿನ. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ, ಅರ್ಧ ತಲೆ ಅಂತ ಹಿಡಿಯಿರಿ."