ನದಿ ದಂಡೆಯ ರಾತ್ರಿಗೆ ಟೆಂಟ್: ಅಂಗಡಿಗೆ ಹೋಗುವ ಮೊದಲು ನೆಲ ನೋಡಿ

ನಾನು ಮೊದಲ ಸಲ ಟೆಂಟ್ ಹಾಕಿದ್ದು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ಹಿನ್ನೀರಿನ ಅಂಚಿಗೆ. ಏಪ್ರಿಲ್ ತಿಂಗಳು. ನೀರು ದೂರ ಸರಿದಿತ್ತು, ಎರೆ ನೆಲ, ಅಂದರೆ ಕಪ್ಪು ಮಣ್ಣಿನ ನೆಲ, ಬಿರುಕು ಬಿಟ್ಟು ಒಣಗಿತ್ತು. ಬಿರುಕಿನಲ್ಲಿ ಗೂಟ ಇಟ್ಟು ಬಡಿದಾಗ ಗಟ್ಟಿಯಾಗಿಯೇ ಕೂತಿತು. ನಡುರಾತ್ರಿ ಗಾಳಿ ಎದ್ದಿತು, ಹಿಂದೆಯೇ ಮಳೆ. ಹತ್ತು ನಿಮಿಷದಲ್ಲಿ ಒಂದೂ ಗೂಟ ನೆಲದಲ್ಲಿ ಉಳಿಯಲಿಲ್ಲ. ಮಳೆ ನಿಲ್ಲುವ ತನಕ ನಾವಿಬ್ಬರೂ ಒಳಗೆ ಕೂತು ಕಡ್ಡಿಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದೆವು.

ಬೆಳಿಗ್ಗೆ ಪಕ್ಕದ ಕುರಿಹಟ್ಟಿಯ ಅಜ್ಜ ಬಂದು ನೋಡಿದರು. “ತಮ್ಮಾ, ಎರಿ ನೆಲಾ ಮಳಿ ಬಿದ್ರ ಬೆಣ್ಣಿ ಆಗ್ತೈತಿ, ಏನೂ ಹಿಡಿಯಂಗಿಲ್ಲ. ಆ ಗರಸಿನ ದಿನ್ನಿ ಮ್ಯಾಲ ಹಾಕಬೇಕಿತ್ತು” ಎಂದರು. ಗರಸು ಎಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಟೆಂಟಿನ ಬಟ್ಟೆ ಎಲ್ಲೂ ಹರಿದಿರಲಿಲ್ಲ. ನಾವು ತಪ್ಪಿದ್ದು ನೆಲದಲ್ಲಿ ಮತ್ತು ಗೂಟದಲ್ಲಿ. ಟೆಂಟ್ ಕೊಳ್ಳಬೇಕು ಎಂದು ಯಾರೇ ಕೇಳಿದರೂ ನಾನು ಈಗ ಮಾತು ಶುರು ಮಾಡುವುದು ನೆಲದಿಂದಲೇ.

ದಂಡೆಯ ಮೇಲೆ ಡೇರೆ ಎಂದರೆ ಹಿರಿಯರಿಗೆ ಶಿಕಾರಿ ನೆನಪಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಈಗ ನಾವು ಹೋಗುವುದು ಗಾಳ ಹಾಕಲು, ಇಲ್ಲವೇ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳನ್ನು ನೋಡಲು. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಅದನ್ನು ಮೊದಲೇ ವಿಚಾರಿಸಿ. ಹೊಲದ ಬದಿಗೆ ಮಲಗುವುದಾದರೆ ಹೊಲದವರನ್ನೂ ಕೇಳಿ. ಕೇಳಿದರೆ ಬೇಡ ಅನ್ನುವವರು ಕಡಿಮೆ.

1. ಎಲ್ಲಿ, ಯಾವಾಗ ಮಲಗುತ್ತೀರಿ?

ಕೃಷ್ಣೆಯ ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೂ ಏರುತ್ತದೆ. ಆಮೇಲೆ ತಿಂಗಳು ತಿಂಗಳಿಗೆ ಇಳಿಯುತ್ತ ಹೋಗುತ್ತದೆ. ಹಾಗೆ ಇಳಿದ ಜಾಗ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು ಇರುತ್ತದೆ. ಕಾಲಿನ ಹಿಮ್ಮಡಿಯಿಂದ ಜೋರಾಗಿ ಒತ್ತಿ ನೋಡಿ. ನೆಲ ಕುಸಿದರೆ ಇನ್ನೂ ಮೇಲಕ್ಕೆ ಹೋಗಿ.

ನದಿ ಪಾತ್ರದಲ್ಲಿ ಮಾತ್ರ ಯಾವ ಕಾಲದಲ್ಲೂ ಟೆಂಟ್ ಬೇಡ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಹಾಸಿಗೆಯ ಹಾಗೆ ಕಾಣುತ್ತದೆ, ಮಲಗೋಣ ಅನ್ನಿಸುತ್ತದೆ. ಆದರೆ ಕುಡಿಯುವ ನೀರಿಗೆಂದು ಮೇಲಿನ ಜಲಾಶಯಗಳಿಂದ ನೀರು ಬಿಡುವುದು ಬೇಸಿಗೆಯಲ್ಲೇ. ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಕೃಷ್ಣೆಗೆ ಮಹಾರಾಷ್ಟ್ರದ ಕೊಯ್ನಾ. ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ರಾತ್ರಿ ನೀರು ಬರಬಹುದು. ಜಾಲಿ ಗಿಡಗಳ ಬುಡ ನೋಡಿ. ಕಡ್ಡಿ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುವ ಒಂದು ಗೆರೆ ಕಾಣುತ್ತದೆ. ಹಿಂದಿನ ಸಲ ನೀರು ಬಂದು ಹೋದ ಗುರುತು ಅದು. ಟೆಂಟ್ ಅದಕ್ಕಿಂತ ಮೇಲಿರಬೇಕು.

ಮೊಸಳೆ ಇನ್ನೊಂದು ಕಾರಣ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಗೂ ಹತ್ತುತ್ತವೆ. ನೀರಿನಿಂದ ಕನಿಷ್ಠ ನೂರು ಹೆಜ್ಜೆ ದೂರವಿರಿ. ಮೀನು ಹಸನು ಮಾಡಿದ ಕಸವನ್ನು ಟೆಂಟಿನ ಹತ್ತಿರವಾಗಲಿ, ನೀರಿನ ಅಂಚಿನಲ್ಲಾಗಲಿ ಬಿಡಬೇಡಿ. ಕತ್ತಲಾದ ಮೇಲೆ ಕೈಕಾಲು ತೊಳೆಯಲು ಹೊಳೆಗೆ ಇಳಿಯುವುದು ಬೇಡವೇ ಬೇಡ. ಹಗಲಲ್ಲೇ ಒಂದು ಕೊಡ ನೀರು ತುಂಬಿಟ್ಟುಕೊಳ್ಳಿ.

ಹೀಗೆ ಜಾಗ ಗೊತ್ತಾದರೆ ಟೆಂಟಿನ ಆಯ್ಕೆ ಅರ್ಧ ಮುಗಿದ ಹಾಗೆ.

2. ಟೆಂಟಿನ ಚೀಟಿಯ ಲೆಕ್ಕ ನಂಬಬೇಡಿ

“ಮೂರು ಜನರ ಟೆಂಟ್” ಎಂದರೆ ಮೂರು ಜನ ಭುಜಕ್ಕೆ ಭುಜ ತಾಗಿಸಿ ಮಲಗುವ ಟೆಂಟ್. ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲ. ಚೀಲ, ಗಾಳದ ಸಾಮಾನು, ರೊಟ್ಟಿ ಗಂಟು ಇಡಲು ಜಾಗವಿಲ್ಲ. ಇಬ್ಬರಿಗೆ ಮೂರು ಜನರದ್ದು, ಮೂವರಿಗೆ ನಾಲ್ಕು ಜನರದ್ದು ತಗೊಳ್ಳಿ. ಉದ್ದ ನಿಮ್ಮ ಎತ್ತರಕ್ಕಿಂತ ಒಂದು ಅಡಿಯಾದರೂ ಜಾಸ್ತಿ ಇರಲಿ. ಕಾಲು ಗೋಡೆಗೆ ತಾಗಿದರೆ ಬೆಳಗಾಗುವಷ್ಟರಲ್ಲಿ ಹೊದಿಕೆ ಒದ್ದೆ. ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿ ಒಳಗೆ ಮಲಗಿ ನೋಡಿ, ನಾಚಿಕೆ ಬೇಡ.

3. ಎರಡು ಪದರದ್ದೇ ಇರಲಿ

ಒಳಗಡೆ ಸೊಳ್ಳೆಪರದೆಯಂಥ ಬಟ್ಟೆ, ಅದರ ಮೇಲೆ ಬೇರೆಯಾಗಿ ಮಳೆ ಹೊದಿಕೆ. ನಡುವೆ ನಾಲ್ಕು ಬೆರಳು ಜಾಗ. ನದಿ ದಂಡೆಗೆ ಇದೇ ಸರಿ. ಕಾರಣ ಮಳೆ ಒಂದೇ ಅಲ್ಲ. ಡಿಸೆಂಬರ್, ಜನವರಿಯಲ್ಲಿ ಬಾಗಲಕೋಟೆ, ವಿಜಯಪುರದ ಕಡೆ ರಾತ್ರಿ ಉಷ್ಣಾಂಶ 12–13 ಡಿಗ್ರಿಗೆ ಇಳಿಯುವುದುಂಟು. ನೀರಿನ ಹತ್ತಿರ ತಂಪು ಇನ್ನೂ ಜಾಸ್ತಿ. ನಮ್ಮ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಒಂದೇ ಪದರವಿದ್ದರೆ ಆ ಹನಿ ಮೈಮೇಲೆ ಬೀಳುತ್ತದೆ. ಟೆಂಟ್ ಸೋರುತ್ತಿದೆ ಎಂದು ಜನ ಅಂಗಡಿಗೆ ವಾಪಸ್ ಒಯ್ಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಎದುರುಬದುರು ಎರಡು ಗಾಳಿಕಿಂಡಿ ಇರುವುದನ್ನು ಆರಿಸಿ. ಚಳಿ ಎಂದು ಅವನ್ನು ಪೂರ್ತಿ ಮುಚ್ಚಬೇಡಿ. ಟೆಂಟಿನೊಳಗೆ ಒಲೆ, ಕೆಂಡದ ಬುಟ್ಟಿ ಇಡುವುದಂತೂ ಪ್ರಾಣಕ್ಕೇ ಅಪಾಯ. ಅದರಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ.

ಬಟ್ಟೆ ಎಷ್ಟು ನೀರು ತಡೆಯುತ್ತದೆ ಎಂಬುದನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಮೇಲಿನ ಹೊದಿಕೆಗೆ 1,500ಕ್ಕಿಂತ ಕಡಿಮೆ ಬೇಡ, ತಳಕ್ಕೆ 3,000 ಇದ್ದರೆ ಒಳ್ಳೆಯದು. ಮೊಣಕಾಲೂರಿ ಕೂತಾಗ ಒದ್ದೆ ನೆಲದ ನೀರು ಒತ್ತಡಕ್ಕೆ ಮೇಲೆ ಬರುತ್ತದೆ, ಅದಕ್ಕೇ ತಳಕ್ಕೆ ಜಾಸ್ತಿ. ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದಾರಾ ನೋಡಿ. ಮದುವೆ ಶಾಮಿಯಾನದ ಬಟ್ಟೆಯಲ್ಲಿ ಹೊಲಿಸಿದರೆ ಅಗ್ಗ ಎನ್ನುವವರಿದ್ದಾರೆ. ಅದು ನೆರಳಿಗೆ ಸರಿ, ಮಳೆಗಲ್ಲ.

4. ಆಕಾರ, ಕಡ್ಡಿ

ನಮ್ಮದು ಬಯಲು ಸೀಮೆ. ಗಾಳಿ ತಡೆಯಲು ಗುಡ್ಡವಿಲ್ಲ, ಮರವಿಲ್ಲ. ನಿಂತು ಓಡಾಡುವಷ್ಟು ಎತ್ತರದ ಮನೆಯಾಕಾರದ ಟೆಂಟ್ ಅಂಗಡಿಯಲ್ಲಿ ಚೆಂದ, ದಂಡೆಯಲ್ಲಿ ಗಾಳಿಗೆ ಪಟದ ಹಾಗೆ. ಬುಟ್ಟಿ ಬೋರಲು ಹಾಕಿದಂಥ ತಗ್ಗಿನ ಟೆಂಟ್ ತಗೊಳ್ಳಿ. ಫೈಬರ್ ಕಡ್ಡಿ ಅಗ್ಗ, ಆದರೆ ಒಡೆದರೆ ಸೀಳುತ್ತದೆ. ಅಲ್ಯೂಮಿನಿಯಂ ಹಗುರ, ಬಾಗಿದರೂ ರಾತ್ರಿ ಕಳೆಯುತ್ತದೆ. ಎರಡು ಕಿಲೋಮೀಟರ್ ಹೊತ್ತು ನಡೆಯುವವರು ಅಲ್ಯೂಮಿನಿಯಂಗೆ ದುಡ್ಡು ಹಾಕಲಿ. ಬೈಕ್ ಬದಿಗೇ ಮಲಗುವವರಿಗೆ ಫೈಬರ್ ಸಾಕು.

5. ಗೂಟ ಬೇರೆ ಮಾಡಿಸಿ

ಟೆಂಟ್ ಜೊತೆ ಬರುವ ಸಣ್ಣ ತಂತಿ ಗೂಟಗಳು ಹುಲ್ಲು ನೆಲಕ್ಕೆ ಮಾಡಿದವು. ಊರಿನ ಕಮ್ಮಾರರ ಹತ್ತಿರ 8 ಮಿಲಿಮೀಟರ್ ಕಬ್ಬಿಣದ ಸರಳಿನಲ್ಲಿ ಒಂದು ಅಡಿ ಉದ್ದದ ಗೂಟ ಮಾಡಿಸಿ. ಒಂದು ತುದಿ ಚೂಪು, ಇನ್ನೊಂದು ತುದಿ ಕೊಕ್ಕೆ. ಎಂಟು ಗೂಟ ಸೇರಿ ಒಂದು ಕಿಲೋ ಚಿಲ್ಲರೆ ಆಗುತ್ತದೆ, ಆ ಭಾರ ಹೊರಲು ಅಡ್ಡಿಯಿಲ್ಲ. ಗರಸು ಅಥವಾ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಇವು ಅಲುಗುವುದಿಲ್ಲ. ಟೆಂಟಿನ ಕಡೆಯಿಂದ ಹೊರಕ್ಕೆ ವಾಲಿಸಿ ಬಡಿಯಿರಿ.

ಎರೆ ನೆಲ ಬಿಟ್ಟರೆ ಬೇರೆ ಜಾಗವೇ ಇಲ್ಲ ಎಂದಾದರೆ, ಅಥವಾ ದಿಬ್ಬದ ಮೇಲೂ ಮರಳೇ ಇದ್ದರೆ, ಗೂಟದ ಮೇಲೆ ಭರವಸೆ ಇಡಬೇಡಿ. ಖಾಲಿ ಗೊಬ್ಬರದ ಚೀಲಕ್ಕೆ ಮರಳೋ ಮಣ್ಣೋ ತುಂಬಿ, ಬಾಯಿ ಕಟ್ಟಿ, ಅದಕ್ಕೆ ಹಗ್ಗ ಬಿಗಿದು ಒಂದೂವರೆ ಅಡಿ ಆಳ ಹೂತುಬಿಡಿ. ಅಷ್ಟು ಮಣ್ಣನ್ನು ಕಿತ್ತೆಸೆಯುವುದು ಗಾಳಿಗೆ ಸುಲಭವಲ್ಲ. ಈ ಉಪಾಯ ಗೊತ್ತಾದ ಮೇಲೆ ನಾನು ನಾಲ್ಕು ಖಾಲಿ ಚೀಲ ಬಿಟ್ಟು ಹೊರಟಿಲ್ಲ. ಮರದ ಕೆಳಗೆ ಕಟ್ಟೋಣ ಎನ್ನಬೇಡಿ. ಬೇಸಿಗೆಯ ಮಳೆ ಸಿಡಿಲನ್ನೂ ತರುತ್ತದೆ. ಸಿಡಿಲು ಶುರುವಾದರೆ ಟೆಂಟ್ ರಕ್ಷಣೆಯಲ್ಲ, ಹತ್ತಿರದ ಪಕ್ಕಾ ಮನೆಗೋ ಕಾರಿನೊಳಕ್ಕೋ ಹೋಗಿ.

6. ತಳಕ್ಕೊಂದು ತಾಡಪತ್ರಿ

ನಮ್ಮ ಕಡೆಯ ಟೆಂಟ್‌ಗಳಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಬೈಕಿನ ಟೈರನ್ನೇ ಬಿಡದ ಮುಳ್ಳು, ತೆಳ್ಳನೆ ಬಟ್ಟೆಯನ್ನು ಬಿಟ್ಟೀತೇ? ಜಾಗ ಗುಡಿಸಿ, ಉಳ್ಳಾಗಡ್ಡಿ ಮುಚ್ಚುವ ದಪ್ಪ ತಾಡಪತ್ರಿ ಹಾಸಿ, ಅದರ ಮೇಲೆ ಟೆಂಟ್ ಹಾಕಿ. ತಾಡಪತ್ರಿಯ ಅಂಚು ಟೆಂಟಿನಿಂದ ಹೊರಗೆ ಬರಬಾರದು, ಒಳಕ್ಕೆ ಮಡಚಿ. ಹೊರಗೆ ಚಾಚಿದರೆ ಮಳೆ ನೀರು ಅದರ ಮೇಲೆ ಬಿದ್ದು ಸೀದಾ ನಿಮ್ಮ ಬೆನ್ನಿನ ಕೆಳಗೆ ಬಂದು ನಿಲ್ಲುತ್ತದೆ. ಎರೆಯ ದೊಡ್ಡ ಬಿರುಕುಗಳಲ್ಲಿ ಚೇಳು, ಹಾವು ಇರುತ್ತವೆ, ಅಂಥ ಕಡೆ ಹಾಸಲೇಬೇಡಿ. ಒಳಹೊಕ್ಕ ಕೂಡಲೇ ಜಿಪ್ ಎಳೆಯುವುದನ್ನು ರೂಢಿ ಮಾಡಿಕೊಳ್ಳಿ. ಬೂಟು ಹೊರಗಿಟ್ಟಿದ್ದರೆ ಬೆಳಿಗ್ಗೆ ಝಾಡಿಸಿಯೇ ಹಾಕಿ.

7. ಮನೆಯಲ್ಲಿ ಒಂದು ಸಲ, ವಾಪಸ್ ಬಂದ ಮೇಲೆ ಒಂದು ಸಲ

ಹೊರಡುವ ವಾರ ಮೊದಲೇ ಮಾಳಿಗೆಯ ಮೇಲೆ ಟೆಂಟ್ ನಿಲ್ಲಿಸಿ. ಗೂಟ ಬಡಿಯಲು ಆಗದಿದ್ದರೆ ಮೂಲೆಗೆ ಕಲ್ಲು ಕಟ್ಟಿ. ಕತ್ತಲಲ್ಲಿ, ಬ್ಯಾಟರಿ ಬೆಳಕಿನಲ್ಲಿ ಇನ್ನೊಮ್ಮೆ ನಿಲ್ಲಿಸಿ. ನಿಜವಾಗಿ ಬೇಕಾಗುವುದು ಆ ಅಭ್ಯಾಸವೇ. ಆಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಡಿ. ಒಬ್ಬರು ಒಳಗೆ ಕೂತು ಹೊಲಿಗೆಗಳ ಮೇಲೆ ಬೆರಳಾಡಿಸಲಿ. ಎಲ್ಲಿ ತೇವ ಬಂತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಒಣಗಿದ ಮೇಲೆ ಹೊಲಿಗೆಗೆ ಹಚ್ಚುವ ಅಂಟು ಸವರಿ.

ವಾಪಸ್ ಬಂದ ದಿನ ಎಷ್ಟೇ ದಣಿದಿದ್ದರೂ ಟೆಂಟನ್ನು ಚೀಲದಿಂದ ಹೊರಗೆ ತೆಗೆಯಿರಿ. ಮಣ್ಣು ಒಣಗಿದ ಮೇಲೆ ಝಾಡಿಸಿ, ಜಿಪ್ಪಿನ ಹಲ್ಲುಗಳಲ್ಲಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ನೆರಳಲ್ಲಿ ಹರಡಿ. ನಮ್ಮ ಬಿಸಿಲು ಬಟ್ಟೆಯನ್ನು ಸುಡುತ್ತದೆ, ತೇವ ಬೂಸ್ಟು ಹಿಡಿಸುತ್ತದೆ. ಹೊಲಿಗೆಯ ಮಡಿಕೆಗಳು ಕೊನೆಗೆ ಒಣಗುತ್ತವೆ. ಅವು ಕೈಗೆ ತಣ್ಣಗೆ ಹತ್ತದಿದ್ದಾಗ ಮಡಚಿಡಿ.