ಸಂಬಳದಲ್ಲಿ ಮುರಿದ ಪಿಎಫ್ ಖಾತೆಗೆ ಬಂದಿಲ್ಲವೇ? ಬಾಕಿಯನ್ನು ಕೇಳಿ ಪಡೆಯುವ ಕ್ರಮ

ತುಮಕೂರಿನ ಕ್ಯಾತ್ಸಂದ್ರದಲ್ಲಿ, ಬಾಡಿಗೆ ಮನೆಯೊಂದರ ಜಗಲಿಯ ಮೇಲೆ ಕುಳಿತು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಟೈಲರ್ ಆಗಿರುವ ಮಹಿಳೆಯೊಬ್ಬರ ಸಂಬಳದ ಚೀಟಿಗಳನ್ನು ನಾನು ಕಳೆದ ತಿಂಗಳು ಒಂದೊಂದಾಗಿ ನೋಡಿದೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹದಿನಾಲ್ಕು ಚೀಟಿಗಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಪ್ರತಿಯೊಂದರಲ್ಲೂ ‘ಪಿಎಫ್ 1,560’ ಎಂಬ ಕಡಿತವಿತ್ತು. ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ನೋಡಿದರೆ ಆ ಹದಿನಾಲ್ಕು ತಿಂಗಳುಗಳ ಪೈಕಿ ಒಂದಕ್ಕೂ ಜಮೆಯ ಸಾಲು ಇರಲಿಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ಮುಂಗಡಕ್ಕೆ ಅರ್ಜಿ ಹಾಕುವವರೆಗೂ ಅವರಿಗೆ ಇದು ಗೊತ್ತೇ ಆಗಿರಲಿಲ್ಲ. ‘ಕೇಳಿದ್ರೆ ಕೆಲ್ಸದಿಂದ ತೆಗೀತಾರೇನೋ ಅಂತ ಈಗ್ಲೂ ಭಯ ಸರ್’ ಎಂದರು.

ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಅದರ ಶೇ 12ರಷ್ಟು, ಅಂದರೆ 1,560 ರೂಪಾಯಿ ಅವರ ಸಂಬಳದಿಂದ ಹೋಗುತ್ತದೆ. ಅಷ್ಟೇ ಮೊತ್ತವನ್ನು ಮಾಲೀಕರು ತಮ್ಮ ಕೈಯಿಂದ ಹಾಕಬೇಕು. ಮಾಲೀಕರ ಪಾಲಿನಲ್ಲಿ ಶೇ 8.33, ಅಂದರೆ 1,083 ರೂಪಾಯಿ ಪಿಂಚಣಿ ನಿಧಿಗೂ ಉಳಿದ 477 ರೂಪಾಯಿ ಭವಿಷ್ಯ ನಿಧಿಗೂ (ಪಿಎಫ್) ಸೇರುತ್ತದೆ. ಎರಡೂ ಪಾಲು ಕೂಡಿದರೆ ತಿಂಗಳಿಗೆ 3,120, ಹದಿನಾಲ್ಕು ತಿಂಗಳಿಗೆ 43,680 ರೂಪಾಯಿ, ಅದೂ ಬಡ್ಡಿಯನ್ನು ಬಿಟ್ಟು. ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕಾಗಿರುವುದರಿಂದ ದಾಖಲೆಯಲ್ಲಿ ಬಿಟ್ಟುಹೋದ ಪ್ರತಿ ತಿಂಗಳೂ ಮುಂದೆ ತಕರಾರಿಗೆ ದಾರಿಯಾಗುತ್ತದೆ. ಕೆಲಸದಲ್ಲಿರುವಾಗಲೇ ನೌಕರ ತೀರಿಕೊಂಡರೆ ಕುಟುಂಬಕ್ಕೆ ಸಿಗಬೇಕಾದ, 7 ಲಕ್ಷ ರೂಪಾಯಿವರೆಗಿನ ವಿಮೆಯ ಹಣಕ್ಕೂ ಮನೆಯವರು ಅಲೆಯಬೇಕಾಗುತ್ತದೆ.

ಹೀಗಾದವರು ಹಂತ ಹಂತವಾಗಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಬೇಕು: ಕೆಲಸ ಬಿಟ್ಟ ಮೇಲೆ ನೋಡಿಕೊಂಡರಾಯಿತು ಎಂದು ಕಾಯಬೇಡಿ. ಬಾಕಿ ಹಳೆಯದಾದಷ್ಟೂ ಚೀಟಿಗಳು ಕಳೆಯುತ್ತವೆ, ಜೊತೆಗಾರರು ಊರು ಬಿಡುತ್ತಾರೆ, ಕೆಲವೊಮ್ಮೆ ಕಾರ್ಖಾನೆಯೇ ಬಾಗಿಲು ಹಾಕಿರುತ್ತದೆ.

ಮೊದಲು ಬಾಕಿ ಇರುವುದನ್ನು ಖಚಿತಪಡಿಸಿಕೊಳ್ಳಿ

ಒಂದು ತಿಂಗಳ ಸಂಬಳದ ಪಿಎಫ್ ವಂತಿಗೆಯನ್ನು ಮಾಲೀಕರು ಮರುತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ ಹಣ ಪಾಸ್‌ಬುಕ್‌ನಲ್ಲಿ ಕಾಣಿಸಿಕೊಳ್ಳಲು ಇನ್ನೂ ಕೆಲವು ದಿನ ಹಿಡಿಯುವುದರಿಂದ ಕೊನೆಯ ಒಂದು ತಿಂಗಳು ಕಾಣದಿದ್ದರೆ ಗಾಬರಿಯಾಗುವ ಅಗತ್ಯವಿಲ್ಲ. ಎರಡು ಮೂರು ತಿಂಗಳು ಸಾಲಾಗಿ ಖಾಲಿಯಿದ್ದರೆ ಮಾತ್ರ ಅದನ್ನು ಬಾಕಿ ಎಂದೇ ತಿಳಿಯಬೇಕು. ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಾಗಲಿ ಭವಿಷ್ಯ ನಿಧಿ ಸಂಸ್ಥೆಯ ಜಾಲತಾಣದಲ್ಲಾಗಲಿ ಯುಎಎನ್ (ಕೆಲಸ ಬದಲಾದರೂ ಬದಲಾಗದ, ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಹಾಕಿ ನೋಡಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ನೋಂದಾಯಿತ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ವಿವರ ಸಂದೇಶವಾಗಿ ಬರುತ್ತದೆ; ಇದಕ್ಕೆ ಯುಎಎನ್ ಸಕ್ರಿಯವಾಗಿರಬೇಕು. ಹಿಂದೆ ಬೇರೆ ಕಡೆ ದುಡಿದವರಿಗೆ ಒಂದೇ ಯುಎಎನ್ ಅಡಿಯಲ್ಲಿ ಎರಡು ಮೂರು ಸದಸ್ಯ ಸಂಖ್ಯೆಗಳಿರುತ್ತವೆ. ಈಗಿನ ಕಂಪನಿಯ ಸಂಖ್ಯೆಯನ್ನೇ ತೆರೆದಿದ್ದೀರಾ ಎಂದು ನೋಡಿಕೊಳ್ಳಿ. ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ಎಂಬ ಮೂರೂ ಅಂಕಣಗಳ ಮೇಲೆ ಕಣ್ಣಾಡಿಸಿ. ಸ್ವಂತ ಪಿಎಫ್ ಟ್ರಸ್ಟ್ ನಡೆಸುವ ದೊಡ್ಡ ಕಂಪನಿಗಳ ಲೆಕ್ಕ ಟ್ರಸ್ಟಿನಲ್ಲಿಯೇ ಇರುವುದರಿಂದ ಅಲ್ಲಿನವರು ವಿವರವನ್ನು ಟ್ರಸ್ಟಿನಿಂದಲೇ ಪಡೆಯಬೇಕು.

ಇದಾದ ಮೇಲೆ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಕೆಲಸವಿದೆ. ಭವಿಷ್ಯ ನಿಧಿ ಸಂಸ್ಥೆಯ ಜಾಲತಾಣದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬ ಸೌಲಭ್ಯವಿದ್ದು, ಅಲ್ಲಿ ಕಂಪನಿಯ ಹೆಸರು ಅಥವಾ ಕೋಡ್ (ಕಂಪನಿಯ ಪಿಎಫ್ ನೋಂದಣಿ ಸಂಖ್ಯೆ) ಹಾಕಿದರೆ ಆ ಸಂಸ್ಥೆ ಯಾವ ತಿಂಗಳಿಗೆ, ಎಷ್ಟು ಜನರ ಲೆಕ್ಕದಲ್ಲಿ, ಎಷ್ಟು ಹಣ ಕಟ್ಟಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಲಾಗಿನ್ ಬೇಕಿಲ್ಲ. ಆ ತಿಂಗಳುಗಳಲ್ಲಿ ಕಂಪನಿ ಏನನ್ನೂ ಕಟ್ಟಿಲ್ಲವೆಂದರೆ ಇಡೀ ಕಾರ್ಖಾನೆಯದೇ ಬಾಕಿ, ದೂರನ್ನೂ ಎಲ್ಲರೂ ಸೇರಿ ಕೊಡಬೇಕು. ಕಂಪನಿ ಹಣ ಕಟ್ಟಿದ್ದು, 200 ಜನ ದುಡಿಯುವಲ್ಲಿ 120 ಜನರನ್ನಷ್ಟೇ ತೋರಿಸಿದ್ದರೆ, ನಿಮ್ಮ ಹೆಸರನ್ನು ಪಟ್ಟಿಯಿಂದ ಬಿಟ್ಟಿದ್ದಾರೆ ಎಂದರ್ಥ. ಇವೆರಡೂ ಬೇರೆ ಬೇರೆ ತಪ್ಪುಗಳು. ನಿಮ್ಮ ವಿಷಯದಲ್ಲಿ ಆಗಿರುವುದು ಯಾವುದು ಎಂದು ತಿಳಿದು ಬರೆದ ದೂರನ್ನು ಅಧಿಕಾರಿಗಳು ಸುಲಭವಾಗಿ ಪಕ್ಕಕ್ಕಿಡಲಾರರು.

ಕಾಗದಪತ್ರ ಜೋಡಿಸಿಕೊಳ್ಳಿ

ಸಂಬಳದ ಚೀಟಿಯೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ, ಏಕೆಂದರೆ ಹಣ ಮುರಿದುಕೊಂಡಿರುವುದನ್ನು ಅಲ್ಲಿ ಮಾಲೀಕರೇ ಬರೆದುಕೊಟ್ಟಿರುತ್ತಾರೆ. ಕೆಲವು ಚೀಟಿಗಳ ಮಸಿ ವರ್ಷದೊಳಗೆ ಮಾಸಿಹೋಗುತ್ತದೆ. ಆ ಟೈಲರ್ ಅವರ ಹದಿನಾಲ್ಕರಲ್ಲಿ ಮೂರನ್ನು ಬಿಸಿಲಿಗೆ ಹಿಡಿದು ಓದಬೇಕಾಯಿತು. ಹಾಗಾಗಿ ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ. ಚೀಟಿಯನ್ನೇ ಕೊಡದ ಕಡೆ ಬ್ಯಾಂಕಿನ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಗುರುತಿನ ಚೀಟಿ, ಇಎಸ್‌ಐ ಕಾರ್ಡ್, ಹಾಜರಿಯ ದಾಖಲೆ ಇವು ನೀವು ಅಲ್ಲಿ ದುಡಿದಿದ್ದೀರಿ ಎಂಬುದನ್ನು ತೋರಿಸುತ್ತವೆ. ನಂತರ ಬಿಳಿ ಹಾಳೆಯೊಂದರಲ್ಲಿ ತಿಂಗಳು, ಮೂಲ ವೇತನ ಮತ್ತು ತುಟ್ಟಿಭತ್ಯೆ, ಮುರಿದ ಮೊತ್ತ, ಪಾಸ್‌ಬುಕ್‌ನಲ್ಲಿ ಜಮೆಯಾದ ಮೊತ್ತ ಎಂದು ನಾಲ್ಕು ಅಂಕಣ ಎಳೆದು ತುಂಬಿಸಿ. ಮುಂದಿನ ಎಲ್ಲ ಹಂತಗಳಿಗೂ ಈ ಒಂದು ಹಾಳೆಯೇ ಆಧಾರ.

ಮಾಲೀಕರಿಗೆ ಬರವಣಿಗೆಯಲ್ಲಿ ಕೇಳಿ

ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಅದು ದಾಖಲೆಯಾಗುವುದಿಲ್ಲ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಷ್ಟು ಮೊತ್ತ ಜಮೆಯಾಗಿಲ್ಲ ಎಂದು ಬರೆದು, ಹದಿನೈದು ದಿನಗಳೊಳಗೆ ಕಟ್ಟಿ ವಿವರ ಕೊಡಬೇಕೆಂದು ಕೋರುವ ಪತ್ರವನ್ನು ಇ–ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಬೈಗುಳ, ಬೆದರಿಕೆ ಬೇಡ. ಲೆಕ್ಕಪತ್ರ ವಿಭಾಗದವರು ಮಾತಿಗೆ ಕರೆದರೆ ಅವರಿಗೆ ಒಂದು ವಿಷಯವನ್ನು ನೆನಪಿಸಬಹುದು: ನೌಕರರಿಂದ ಮುರಿದ ವಂತಿಗೆಯನ್ನು ಗಡುವಿನೊಳಗೆ ಕಟ್ಟದಿದ್ದರೆ ಆದಾಯ ತೆರಿಗೆಯಲ್ಲಿ ಆ ಮೊತ್ತವನ್ನು ವೆಚ್ಚವಾಗಿ ಕಳೆಯಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ತಡವಾದಷ್ಟೂ ನಷ್ಟ ಕಂಪನಿಗೇ.

ಈ ಹಂತದಲ್ಲಿ ಮೋಸಹೋಗುವವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ‘ನಿನ್ನ ಪಾಲಿನ ದುಡ್ಡನ್ನು ಕೈಯಲ್ಲೇ ಕೊಡ್ತೀವಿ, ಇಲ್ಲಿ ಸಹಿ ಹಾಕಮ್ಮ’ ಎಂದು ವೋಚರ್ ಮುಂದಿಟ್ಟರೆ ದಯವಿಟ್ಟು ಸಹಿ ಮಾಡಬೇಡಿ. ಕೈಗೆ ಬಂದ ನಗದು ಪಿಂಚಣಿಯ ಸೇವೆಗೆ ಸೇರುವುದಿಲ್ಲ, ಮಾಲೀಕರ ಪಾಲೂ ಅಲ್ಲಿಗೆ ಕೈಬಿಟ್ಟುಹೋಗುತ್ತದೆ. ಮಾಲೀಕರ ಪಾಲನ್ನೂ ನೌಕರರ ಸಂಬಳದಿಂದಲೇ ಮುರಿಯುವುದು ಕಾನೂನಿಗೆ ವಿರುದ್ಧ. ಹಿಂದಿನ ತಿಂಗಳುಗಳಲ್ಲಿ ಮುರಿಯದೇ ಬಿಟ್ಟ ನೌಕರರ ಪಾಲನ್ನು ಈಗ ಒಟ್ಟಿಗೆ ಸಂಬಳದಿಂದ ಹಿಡಿಯುವುದಕ್ಕೂ 1952ರ ಭವಿಷ್ಯ ನಿಧಿ ಯೋಜನೆಯಲ್ಲಿ ಮಾಲೀಕರಿಗೆ ಅವಕಾಶವಿಲ್ಲ. ಆಕಸ್ಮಿಕವಾಗಿ ಆದ ತಪ್ಪಿಗೆ ಮಾತ್ರ, ಅದೂ ಪಿಎಫ್ ಅಧಿಕಾರಿಯ ಒಪ್ಪಿಗೆ ಪಡೆದು, ವಿನಾಯಿತಿಯಿದೆ.

ದೂರು ಎಲ್ಲಿ, ಹೇಗೆ

ಸಂಬಳದ ತಕರಾರಿನಂತೆ ಇದನ್ನೂ ಕಾರ್ಮಿಕ ಇಲಾಖೆಗೆ ಒಯ್ದು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಪಿಎಫ್ ವಸೂಲಿ ರಾಜ್ಯದ ಕಾರ್ಮಿಕ ಅಧಿಕಾರಿಯ ಕೆಲಸವಲ್ಲ. ಅದು ಕೇಂದ್ರದ ಭವಿಷ್ಯ ನಿಧಿ ಸಂಸ್ಥೆಯದು. ತುಮಕೂರಿನಲ್ಲಿಯೇ ಪ್ರಾದೇಶಿಕ ಕಚೇರಿ ಇದ್ದರೂ, ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿ ಘಟಕವಿದ್ದು ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿಗಳ ಕೋಡ್ ಬೆಂಗಳೂರಿನ ಕಚೇರಿಯೊಂದರಲ್ಲಿ ಇರಬಹುದು. ನಿಮ್ಮ ಸದಸ್ಯ ಸಂಖ್ಯೆಯ ಮೊದಲ ಐದು ಅಕ್ಷರಗಳು ಅದನ್ನು ಹೇಳುತ್ತವೆ. ‘ಬಿಜಿಬಿಎನ್‌ಜಿ’ (BGBNG) ಎಂದಿದ್ದರೆ ಅದು ಬೆಂಗಳೂರಿನದು.

ದೂರನ್ನು ‘ಇಪಿಎಫ್‌ಐಜಿಎಂಎಸ್’ (EPFiGMS) ಎಂಬ ಕುಂದುಕೊರತೆ ಜಾಲತಾಣದಲ್ಲಿ ಯುಎಎನ್ ಹಾಕಿ ದಾಖಲಿಸಿ, ಸಿಗುವ ನೋಂದಣಿ ಸಂಖ್ಯೆಯನ್ನು ಬರೆದಿಡಿ. ಮಾಹಿತಿ ಬೇಕಾದರೆ ಸಹಾಯವಾಣಿ 14470. ಇದಲ್ಲದೆ ‘ನಿಧಿ ಆಪ್ಕೆ ನಿಕಟ್’ ಎಂಬ ಹೆಸರಿನಲ್ಲಿ ಪ್ರತಿ ತಿಂಗಳ 27ರಂದು, ಅಂದು ರಜೆಯಾದರೆ ಮರುದಿನ, ಪಿಎಫ್ ಅಧಿಕಾರಿಗಳು ಜಿಲ್ಲೆಗಳಲ್ಲಿ ಶಿಬಿರ ನಡೆಸುತ್ತಾರೆ. ಓದುಬರಹ ಕಡಿಮೆಯಿರುವವರಿಗೆ ಜಾಲತಾಣಕ್ಕಿಂತ ಈ ಶಿಬಿರವೇ ಒಳ್ಳೆಯದು ಎಂಬುದು ನನ್ನ ಅನುಭವ. ದೂರಿನ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಡಿ. ಒಬ್ಬರೇ ಎದುರು ಹಾಕಿಕೊಳ್ಳಲು ಹೆದರುವವರು ಹತ್ತು ಹದಿನೈದು ಜನ ಸೇರಿ ಅಥವಾ ಕಾರ್ಮಿಕ ಸಂಘದ ಮೂಲಕ ಕೊಡಲಿ. ಆ ಟೈಲರ್ ಕೊನೆಗೆ ತಮ್ಮ ಸಾಲಿನ ಹನ್ನೊಂದು ಮಹಿಳೆಯರೊಂದಿಗೆ ಸಹಿ ಹಾಕಿದರು.

ಗುತ್ತಿಗೆ ಕಾರ್ಮಿಕರು ಒಂದು ಹಕ್ಕನ್ನು ಮರೆಯಬಾರದು. ಗುತ್ತಿಗೆದಾರ ಹಣ ಕಟ್ಟದೆ ತಲೆಮರೆಸಿಕೊಂಡರೂ ಅವನ ಮೂಲಕ ಕೆಲಸ ಮಾಡಿಸಿಕೊಂಡ ಕಂಪನಿಯೇ ಎರಡೂ ಪಾಲಿಗೆ ಹೊಣೆ. ದೂರಿನಲ್ಲಿ ಗುತ್ತಿಗೆದಾರನ ಹೆಸರಿನ ಜೊತೆಗೆ, ನೀವು ಯಾವ ಗೇಟಿನೊಳಗೆ ದುಡಿಯುತ್ತೀರೋ ಆ ಕಂಪನಿಯ ಹೆಸರನ್ನೂ ತಪ್ಪದೆ ಬರೆಯಿರಿ.

ವಿಚಾರಣೆ, ವಸೂಲಿ, ಶಿಕ್ಷೆ

ದೂರಿನಲ್ಲಿ ಹುರುಳಿದೆ ಎನಿಸಿದರೆ ಅಧಿಕಾರಿಗಳು ಬಾಕಿ ನಿರ್ಧರಿಸುವ ವಿಚಾರಣೆ ಆರಂಭಿಸುತ್ತಾರೆ. 1952ರ ಭವಿಷ್ಯ ನಿಧಿ ಕಾಯ್ದೆಯ 7ಎ ಕಲಂನಿಂದಾಗಿ ಇದಕ್ಕೆ ‘7ಎ ವಿಚಾರಣೆ’ ಎಂಬ ಹೆಸರು ಬಂದಿದೆ. ಮಾಲೀಕರನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಆ ಅಧಿಕಾರಿಗೆ ಇರುತ್ತದೆ. ಆ ಕಾಯ್ದೆಯಂತೆ ತಡವಾದ ಹಣಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ. ಅದರ ಮೇಲೆ, 2024ರ ಜೂನ್‌ನಲ್ಲಿ ಬದಲಾದ ದರದಂತೆ, ತಿಂಗಳಿಗೆ ಶೇ 1ರ ದಂಡ. ಈ ದಂಡ ನೌಕರರ ಕೈಗೆ ಬರುವುದಿಲ್ಲ. ಆದೇಶವಾದ ಮೇಲೂ ಕಟ್ಟದಿದ್ದರೆ ಬ್ಯಾಂಕ್ ಖಾತೆ ಮತ್ತು ಆಸ್ತಿ ಜಪ್ತಿ ಮಾಡಬಹುದು. ವಿಚಾರಣೆ ಎಲ್ಲಿಗೆ ಬಂತು ಎಂದು ತಿಳಿಯದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕಾದುದು ಕಚೇರಿಯ ಕರ್ತವ್ಯ.

ಸಂಬಳದಿಂದ ಮುರಿದು ಕಟ್ಟದಿರುವುದು ಅಪರಾಧವೂ ಹೌದು. ನ್ಯಾಯಾಲಯದಲ್ಲಿ ಸಾಬೀತಾದರೆ ಒಂದರಿಂದ ಮೂರು ವರ್ಷಗಳ ಜೈಲು ಶಿಕ್ಷೆಗೆ ಅವಕಾಶವಿದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಇಂಥ ಹಣವನ್ನು ಮಾಲೀಕರಲ್ಲಿ ನಂಬಿಕೆಯಿಂದ ಇಟ್ಟ ಹಣವೆಂದೇ ಪರಿಗಣಿಸುವುದರಿಂದ ನಂಬಿಕೆ ದ್ರೋಹದ ಪ್ರಕರಣವೂ ಆಗಬಹುದು. ಆದರೂ ನೇರವಾಗಿ ಪೊಲೀಸ್ ಠಾಣೆಗೆ ಹೋಗುವುದಕ್ಕಿಂತ ಮೊದಲು ಪಿಎಫ್ ಕಚೇರಿಯಲ್ಲಿ ಬಾಕಿಯನ್ನು ದಾಖಲಿಸಿಕೊಳ್ಳುವುದೇ ಲೇಸು. ವಕೀಲರ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಿ; ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು.

ಕಾಲದ ಲೆಕ್ಕವೂ ಈಗ ಮುಖ್ಯವಾಗಿದೆ. 1952ರ ಕಾಯ್ದೆಯಲ್ಲಿ ವಿಚಾರಣೆ ಆರಂಭಿಸಲು ಕಾಲಮಿತಿ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಐದು ವರ್ಷಗಳ ಮಿತಿಯನ್ನು ಇಟ್ಟಿದೆ. ಕಾರ್ಖಾನೆ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಪಿಎಫ್ ಕಚೇರಿಗೆ ದೂರು ಕೊಡುವುದರ ಜೊತೆಗೆ, ದಿವಾಳಿ ಪ್ರಕ್ರಿಯೆ ನಡೆಸುವ ಅಧಿಕಾರಿಯ ಮುಂದೆಯೂ ಗಡುವಿನೊಳಗೆ ಹಕ್ಕು ಮಂಡಿಸಿ. ಕಂಪನಿಯನ್ನು ಸಮಾಪನಗೊಳಿಸುವಾಗ ನೌಕರರ ಪಿಎಫ್ ಹಣವನ್ನು ಕಂಪನಿಗೆ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯಲ್ಲಿ ಸೇರಿಸುವಂತಿಲ್ಲ.

ಬಾಕಿ ವಸೂಲಾಗಿ ಹಣ ಜಮೆಯಾಯಿತು ಎಂಬ ಸಂದೇಶ ಬಂದ ದಿನ ನಾಲ್ಕು ಅಂಕಣದ ಆ ಹಾಳೆಯನ್ನು ಮತ್ತೆ ತೆಗೆಯಿರಿ. ಒಟ್ಟು ಮೊತ್ತ ಸರಿಯಿದ್ದರೂ ಯಾವುದೋ ತಿಂಗಳ ಪಿಂಚಣಿ ಅಂಕಣ ಖಾಲಿ ಉಳಿದಿರಬಹುದು. ಪಾಸ್‌ಬುಕ್‌ನ ಪ್ರತಿ ಸಾಲಿಗೂ ಗುರುತು ಹಾಕುತ್ತಾ ಹೋಗಿ, ಬಿಟ್ಟುಹೋದ ತಿಂಗಳಿದ್ದರೆ ಅದನ್ನು ನಮೂದಿಸಿ ಹಳೆಯ ದೂರಿನ ಸಂಖ್ಯೆಯೊಂದಿಗೆ ಅದೇ ವಾರ ಮತ್ತೆ ಬರೆಯಿರಿ.