ಗ್ರೂಪಲ್ಲಿ ಹಾಕಿದ್ರೆ ಸಾಕು ಅಂದವರ ಮನೆ ಮಾರಿದ ಬಗೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕುಪರ್ಟಿನೊ, ಫ್ರೀಮಾಂಟ್ ಕಡೆ ನಾನು ಮನೆ ಮಾರಿಸುವ ಏಜೆಂಟ್. ನನ್ನ ಹತ್ತಿರ ಬರುವವರಲ್ಲಿ ನಮ್ಮವರೇ ಜಾಸ್ತಿ. ಈಚೆಗೆ ಮನೆ ಮಾರುವವರೆಲ್ಲ ಒಂದೇ ಮಾತು ತೆಗೆಯುತ್ತಾರೆ. "ಇನ್ನೊಬ್ರು ಪ್ರೈವೇಟಾಗಿ ಮಾರಿಕೊಡ್ತೀವಿ ಅಂದ್ರು. ಬೋರ್ಡ್ ಬೇಡ, ಯಾರು ಬೇಕಾದ್ರೂ ಬಂದು ನೋಡೋ ಓಪನ್ ಹೌಸ್ ಬೇಡ. ನೀವೇನಂತೀರಿ?"

ಇದರ ಹಿಂದೆ ದೊಡ್ಡವರ ಜಗಳವಿದೆ. ಇಲ್ಲಿ ಏಜೆಂಟರು ಮಾರಾಟಕ್ಕಿರುವ ಮನೆಗಳನ್ನು ಎಂಎಲ್‌ಎಸ್ ಅನ್ನುವ ಪಟ್ಟಿಗೆ ಹಾಕುತ್ತಾರೆ. ಅದನ್ನು ಎಲ್ಲ ಕಂಪನಿಯವರೂ ನೋಡಬಹುದು. ಪ್ರಚಾರ ಶುರುವಾದ ಮೇಲೆ ಒಂದು ಕೆಲಸದ ದಿನದೊಳಗೆ ಮನೆ ಆ ಪಟ್ಟಿಗೆ ಬರಬೇಕು ಅಂತ ಮನೆ ಮಾರಿಸುವ ಏಜೆಂಟರ (ರಿಯಲ್ಟರ್‌ಗಳ) ರಾಷ್ಟ್ರೀಯ ಸಂಘ 2019ರಲ್ಲಿ ನಿಯಮ ಮಾಡಿತು. ಆದರೆ ಕಂಪನಿಯ ಒಳಗಷ್ಟೇ ತೋರಿಸಿದರೆ ಪರವಾಗಿಲ್ಲ ಅಂತ ಒಂದು ಕಿಂಡಿ ಬಿಟ್ಟಿತು. ಮನೆ ಮಾರಿಸುವ ದೊಡ್ಡ ಕಂಪನಿ ಕಂಪಾಸ್ ಆ ಕಿಂಡಿಯನ್ನೇ ಬಾಗಿಲು ಮಾಡಿಕೊಂಡಿತು. ಮನೆ ತೋರಿಸುವುದು ಮೊದಲು ತನ್ನ ಏಜೆಂಟರಿಗೆ ಮಾತ್ರ, ಎಲ್ಲರಿಗೂ ಆಮೇಲೆ. 2025ರ ಏಪ್ರಿಲ್‌ನಲ್ಲಿ, ಜನ ಮನೆ ಹುಡುಕುವ ವೆಬ್‌ಸೈಟ್ ಜಿಲ್ಲೋ ತಿರುಗಿಬಿತ್ತು. ಕೆಲವರಿಗಷ್ಟೇ ಪ್ರಚಾರ ಮಾಡಿ ಪಟ್ಟಿಗೆ ತಡವಾಗಿ ಬರುವ ಮನೆಯನ್ನು ನಮ್ಮಲ್ಲಿ ತೋರಿಸಲ್ಲ ಅಂದಿತು. ಜೂನ್‌ನಲ್ಲಿ ಕಂಪಾಸ್ ಜಿಲ್ಲೋ ಮೇಲೆ ನ್ಯೂಯಾರ್ಕ್‌ನಲ್ಲಿ ಕೇಸು ಹಾಕಿತು. ಸೆಪ್ಟೆಂಬರ್‌ನಲ್ಲಿ ಕೋಲ್ಡ್‌ವೆಲ್ ಬ್ಯಾಂಕರ್, ಸೆಂಚುರಿ 21 ಬ್ರಾಂಡ್‌ಗಳ ಒಡೆಯ ಎನಿವೇರ್ ಕಂಪನಿಯನ್ನೇ ಕೊಳ್ಳುತ್ತೇನೆ ಅಂತ ಘೋಷಿಸಿತು. ಕಂಪನಿ ದೊಡ್ಡದಾದಷ್ಟೂ 'ಒಳಗೆ' ಅನ್ನುವುದೂ ದೊಡ್ಡದಾಗುತ್ತದೆ, ಅಲ್ವಾ?

ಈ ಪುರಾಣವನ್ನು ಗಿರಾಕಿಯ ಮುಂದೆ ಬಿಚ್ಚಿದರೆ ಆಕಳಿಸುತ್ತಾರೆ. ಹಾಗಾಗಿ ನಾನು ಲೆಕ್ಕದಿಂದ ಶುರು ಮಾಡುತ್ತೇನೆ.

ಬೆಂಗಳೂರಿಗೆ ವಾಪಸ್ ಹೊರಟಿದ್ದ ಸನ್ನಿವೇಲ್‌ನ ದಂಪತಿ ಕರೆದಿದ್ದರು. ಪ್ರೈವೇಟ್ ಅನ್ನುವವರ ಜೊತೆ ಮಾತು ಅರ್ಧ ಮುಗಿದಿತ್ತು. ಹಾಳೆ ತೆಗೆದು ಬರೆದೆ. ಮನೆ 20 ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ಮಾರುವವರ ಕಡೆಗೊಬ್ಬ ಏಜೆಂಟ್, ಕೊಳ್ಳುವವರ ಕಡೆಗೊಬ್ಬ; ಒಂದು ಕಡೆಯ ಕಮಿಷನ್ ಶೇ 2.5 ಅಂದರೆ 50 ಸಾವಿರ. ಕೊಳ್ಳುವವರೂ ಅದೇ ಕಂಪನಿಯಿಂದ ಬಂದರೆ ಆ ಕಂಪನಿಗೇ 1 ಲಕ್ಷ. ಎರಡೂ ಕಡೆಯವರು ಬರೆದು ಒಪ್ಪಿದರೆ ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನಿಗೆ ಸರಿಯೇ. ಆದರೆ ಹೊರಗಿನವರ ಪೈಪೋಟಿಯಲ್ಲಿ ಬೆಲೆ ಶೇ 5 ಏರಿತು ಅನ್ನಿ, ಆ 1 ಲಕ್ಷ ಮಾರುವವರದು. ಯಾರ ಲಕ್ಷ ಬೇಕು ಅಂತ ಕೇಳಿದೆ.

ಗಂಡ ನಕ್ಕರು. ಹೆಂಡತಿ ಇನ್ನೊಂದು ದಾರಿ ಹಿಡಿದರು. "ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಹಾಕಿಬಿಡಿ ಸಾಕು." ನಾನು ಅಲ್ಲಿ ಹಾಕಿದರೆ ಅದೂ ಪ್ರಚಾರವೇ, ಒಂದು ಕೆಲಸದ ದಿನದೊಳಗೆ ಪಟ್ಟಿಗೆ ಹಾಕಲೇಬೇಕು ಅಂದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಆಕೆಯ ನಿಜವಾದ ಚಿಂತೆ ಬೇರೆ ಇತ್ತು: ಗುರುತಿಲ್ಲದವರು ದೇವರಮನೆಗೂ ನುಗ್ಗುತ್ತಾರೆ. ಅದಕ್ಕೆ ಮನೆಯನ್ನೇ ಬಚ್ಚಿಡಬೇಕಿಲ್ಲ. ಬೆಳ್ಳಿ ದೀಪ, ಪಾಸ್‌ಪೋರ್ಟು, ಮಾತ್ರೆ ಡಬ್ಬಿ ಎಲ್ಲ ಸ್ನೇಹಿತರ ಮನೆಗೆ ಹೋದವು. ಮಕ್ಕಳ ಫೋಟೋ ಗೋಡೆಯಿಂದ ಇಳಿದವು. ಬಾಗಿಲಲ್ಲಿ ಶೂ ಕವರ್ ಬುಟ್ಟಿ ಇಟ್ಟೆ. ಇನ್‌ಸ್ಪೆಕ್ಷನ್ ವರದಿ, ಗೆದ್ದಲು ವರದಿ ಮೊದಲೇ ಮಾಡಿಸಿದೆ, ಇಲ್ಲದಿದ್ದರೆ ಕೊಳ್ಳುವವರು ಒಬ್ಬೊಬ್ಬರಾಗಿ ತಪಾಸಣೆಗೆ ಆಳು ಕಳಿಸುತ್ತಾರೆ. ಗುರುವಾರ ಪಟ್ಟಿಗೆ, ಶನಿವಾರ ಭಾನುವಾರ ಓಪನ್ ಹೌಸ್, ಬುಧವಾರ ಆಫರ್. ತೊಂದರೆಯೇನಿದ್ದರೂ ಒಂದೇ ವಾರಾಂತ್ಯ.

ಪ್ರೈವೇಟ್ ಅನ್ನುವವರ ಒಂದು ವಾದದಲ್ಲಿ ಹುರುಳಿದೆ. ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಎಷ್ಟು ಇಳಿಸಿದರು ಅನ್ನುವುದೆಲ್ಲ ವೆಬ್‌ಸೈಟಿನಲ್ಲಿ ಕಾಣುತ್ತೆ, ಅದನ್ನು ನೋಡಿ ಚೌಕಾಸಿ ಮಾಡುತ್ತಾರೆ. ನಿಜ. ನನ್ನ ಪ್ರಕಾರ ಅದಕ್ಕೆ ಮದ್ದು ಮೊದಲ ದಿನವೇ ಸರಿಯಾದ ಬೆಲೆ ಇಡುವುದು. ಇನ್ನು ಮನೆಯಲ್ಲಿ ಕಾಯಿಲೆಯವರಿದ್ದರೆ, ಡಿವೋರ್ಸ್ ನಡೆಯುತ್ತಿದ್ದರೆ ನಾನೇ 'ಪಟ್ಟಿಗೆ ಬೇಡ' ಅನ್ನುವ ಫಾರಂಗೆ ಸಹಿ ಹಾಕಿಸಿಕೊಂಡು ಪಟ್ಟಿಗೆ ಹಾಕದೆ ಮಾರಿದ್ದೇನೆ. ಏನು ಬಿಟ್ಟುಕೊಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಬೇಕು, ಅಷ್ಟೆ.

ಸನ್ನಿವೇಲ್ ಮನೆ ಮಿಲ್ಪಿಟಾಸ್‌ನಲ್ಲಿ ಬಾಡಿಗೆಗಿದ್ದ ವಿಯೆಟ್ನಾಂ ಮೂಲದ ಕುಟುಂಬಕ್ಕೆ ಹೋಯಿತು. ಭಾನುವಾರ ಸುಮ್ನೆ ನೋಡಿ ಹೋಗೋಣ ಅಂತ ಬಂದವರು. ವಾಟ್ಸಾಪ್ ಗ್ರೂಪಿನ ಇಬ್ಬರು ಆಫರ್ ಕೊಟ್ಟಿದ್ದರು, ಎರಡೂ ಇವರ ಆಫರಿಗಿಂತ ಕೆಳಗಿದ್ದವು. ಅವರಲ್ಲೊಬ್ಬರು ಈಗಲೂ ಸಿಕ್ಕಾಗೆಲ್ಲ, "ನಮಗೇ ಮೊದಲು ಹೇಳಿದ್ರೆ ನಮ್ಮ ರೇಟಿಗೇ ಮುಗಿದುಹೋಗ್ತಿತ್ತಲ್ಲ" ಅನ್ನುತ್ತಾರೆ. ಹೌದು, ಆ ರೇಟಿಗೇ ಮುಗಿಯುತ್ತಿತ್ತು.